ರಾಶಿ ಬಿದ್ದ ಮೇಲೆ ತೀರ್ಪು ಯಾರದು?
ಕಬಡ್ಡಿ ಅಂಕಣದ ಜಗಳಕ್ಕೆ ರಗ್ಬಿ ಆಟದಲ್ಲೊಂದು ಮದ್ದು

ಪರಿಗಿ: ಗಡಿ ಭಾಗದ ಹಳ್ಳಿಗಳಲ್ಲಿ ಕಬಡ್ಡಿ ಪಂದ್ಯವೊಂದು ಜಗಳದಲ್ಲಿ ಮುಗಿದರೆ, ಆ ಜಗಳ ಎಲ್ಲಿ ಹುಟ್ಟಿತು ಎಂದು ಹುಡುಕುವುದು ಕಷ್ಟವಲ್ಲ. ನಡುಗೆರೆಯಿಂದ ಗೇಣು ದೂರದಲ್ಲಿ ನಾಲ್ಕೈದು ಜನ ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ. ಎಲ್ಲರ ಕೆಳಗೆ ದಾಳಿಗೆ ಹೋದವನು. ಅವನ ಬೆರಳು ಗೆರೆ ಮುಟ್ಟಿತೇ? ಮುಟ್ಟುವಾಗ ಬಾಯಲ್ಲಿ ಕಬಡ್ಡಿ ಇತ್ತೇ? ಅಥವಾ ಅದಕ್ಕೂ ಮೊದಲೇ ಉಸಿರು ನಿಂತಿತ್ತೇ? ಒಂದು ತಂಡ ಮುಟ್ಟಿತು ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ. ಸೀಟಿ ಕೈಯಲ್ಲಿ ಹಿಡಿದವನು ಮಾತ್ರ ರಾಶಿಯ ಸುತ್ತ ಬಗ್ಗಿ ನೋಡುತ್ತಾ ನಿಂತಿರುತ್ತಾನೆ.

ಸಂಕ್ರಾಂತಿ, ಯುಗಾದಿ, ಊರ ಜಾತ್ರೆ ಬಂತೆಂದರೆ ಹಿಂದೂಪುರ, ಮಡಕಶಿರಾ, ಗೌರಿಬಿದನೂರು, ಮಧುಗಿರಿ, ಪಾವಗಡದ ಕಡೆ ಕಬಡ್ಡಿಗೆ ಗಡಿಯ ಲೆಕ್ಕವಿಲ್ಲ. ಆಂಧ್ರದ ತಂಡ ಕರ್ನಾಟಕಕ್ಕೆ ಹೋಗುತ್ತದೆ, ಕರ್ನಾಟಕದ ತಂಡ ಇಲ್ಲಿಗೆ ಬರುತ್ತದೆ. ಇಂಥ ಪಂದ್ಯದಲ್ಲಿ ತೀರ್ಪೊಂದು ತಪ್ಪಿದರೆ ಅದು ಒಂದು ಪಾಯಿಂಟಿನ ಮಾತಾಗಿ ಉಳಿಯುವುದಿಲ್ಲ. ‘ಅವರ ಊರು, ಅವರ ರೆಫರಿ’ ಎಂಬ ಮಾತು ಬರುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಭಾಷೆಯ ಮಾತು ಬರುತ್ತದೆ. ಹೆಣ್ಣು ಕೊಟ್ಟು ತಂದ ಊರುಗಳ ನಡುವೆ ಮಾತು ನಿಲ್ಲಲು ಇಷ್ಟು ಸಾಕು.

ಹಾಗಾದರೆ ರಾಶಿಯೊಳಗೆ ನಡೆದದ್ದಕ್ಕೆ ತೀರ್ಪು ಕೊಡುವುದು ಹೇಗೆ? ಈ ಪ್ರಶ್ನೆ ಹಳ್ಳಿಯ ರೆಫರಿಯೊಬ್ಬನದೇ ಅಲ್ಲ. ಏಷ್ಯನ್ ಕ್ರೀಡಾಕೂಟದ ಫೈನಲ್ ಪಂದ್ಯವನ್ನೇ ಇದು ಸುಮಾರು ಒಂದು ತಾಸು ನಿಲ್ಲಿಸಿತ್ತು. ಇಂಗ್ಲೆಂಡು, ನ್ಯೂಜಿಲೆಂಡಿನವರು ಆಡುವ ರಗ್ಬಿಯಲ್ಲಂತೂ ದಶಕಗಳಿಂದ ಇದೇ ತಲೆನೋವು. ಅವರು ಅದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. ಅದು ಪೂರ್ತಿ ಪರಿಹಾರವಲ್ಲ, ಆದರೆ ನಮ್ಮ ಊರ ಅಂಕಣಕ್ಕೂ ಉಪಯೋಗಕ್ಕೆ ಬರುವಂಥದ್ದು.

ರಗ್ಬಿಯವರ ಕಥೆ

2025ರ ಜೂನ್ ತಿಂಗಳಲ್ಲಿ ಮುಂಬೈನಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡಗಳಲ್ಲಿ ಬೆಂಗಳೂರಿನದೂ ಇತ್ತು, ಹೈದರಾಬಾದಿನದೂ ಇತ್ತು. ಟಿವಿಯಲ್ಲಿ ನೋಡಿದವರಿಗೆ ಒಂದು ದೃಶ್ಯ ನೆನಪಿರಬಹುದು. ಸಣ್ಣ ತಪ್ಪೊಂದು ಆದ ಮೇಲೆ ಎರಡೂ ತಂಡದ ಆಟಗಾರರು ತಲೆ ಬಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು, ಟಗರುಗಳ ಹಾಗೆ ಎದುರುಬದುರು ತಳ್ಳುತ್ತಾರೆ. ನಡುವೆ ಚೆಂಡು ಬರುತ್ತದೆ. ಇದಕ್ಕೆ ಸ್ಕ್ರಮ್ ಎಂದು ಹೆಸರು. ಮುಂಬೈನಲ್ಲಿ ನಡೆದದ್ದು ಏಳು ಜನರ ಆಟ, ಅಲ್ಲಿ ಸ್ಕ್ರಮ್ಮಿಗೆ ಒಂದು ಕಡೆ ಮೂವರು. ಹದಿನೈದು ಜನರ ರಗ್ಬಿ ಯೂನಿಯನ್ ಆಟದಲ್ಲಿ ಒಂದು ಕಡೆ ಎಂಟು ಜನ. ದೊಡ್ಡ ತಂಡಗಳಲ್ಲಿ ಆ ಎಂಟು ಜನರ ತೂಕ ಕೂಡಿಸಿದರೆ 800 ಕೆ.ಜಿ. ಮೀರುತ್ತದೆ. ಅಷ್ಟೇ ತೂಕ ಎದುರಿನಿಂದ ಬರುತ್ತದೆ. ಮಧ್ಯದಲ್ಲಿ ಸಿಕ್ಕುವುದು ಮುಂದಿನ ಸಾಲಿನವರ ಕುತ್ತಿಗೆ.

ಸ್ಕ್ರಮ್ ಕುಸಿದು ಬಿದ್ದರೆ ಯಾರು ಬೀಳಿಸಿದರು ಎಂದು ರೆಫರಿ ಹೇಳಬೇಕು. ಒಬ್ಬ ಬೇಕೆಂದೇ ಮಂಡಿಯೂರಿರಬಹುದು, ಇನ್ನೊಬ್ಬ ಎದುರಾಳಿಯ ಅಂಗಿ ಹಿಡಿದು ಕೆಳಗೆ ಎಳೆದಿರಬಹುದು, ಅಥವಾ ಹಸಿ ಹುಲ್ಲಿನ ಮೇಲೆ ಕಾಲು ಜಾರಿರಬಹುದು. ನಿಧಾನಗತಿಯ ಚಿತ್ರ ಹಾಕಿ ನೋಡಿದ ಹಳೇ ಆಟಗಾರರೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇನ್ನು ಪಕ್ಕದಲ್ಲಿ ನಿಂತ ರೆಫರಿಗೆ ಒಂದು ಕ್ಷಣದಲ್ಲಿ ತಿಳಿಯುವುದು ಹೇಗೆ? ಅವನು ಕೊಡುವ ತೀರ್ಪು ಎಷ್ಟೋ ಸಲ ಅಂದಾಜಿನ ಮೇಲೆ ನಿಂತಿರುತ್ತದೆ. ಪೆನಾಲ್ಟಿ ಒದ್ದು ಮೂರು ಪಾಯಿಂಟ್ ಪಡೆಯುವ ಆಟದಲ್ಲಿ ಇಂಥ ಅಂದಾಜು ಪಂದ್ಯವನ್ನೇ ತಿರುಗಿಸಬಲ್ಲದು.

ಇದಕ್ಕಿಂತ ದೊಡ್ಡ ಸಂಗತಿ ಕುತ್ತಿಗೆಯದು. ಸ್ಕ್ರಮ್ಮಿನಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಜೀವನಪೂರ್ತಿ ಗಾಲಿ ಕುರ್ಚಿ ಹಿಡಿದವರಿದ್ದಾರೆ. ಆಗ ರಗ್ಬಿಯವರು ಮಾಡಿದ್ದೇನು? ಬಿದ್ದ ಮೇಲೆ ಚೆನ್ನಾಗಿ ನೋಡಬೇಕು ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಬೀಳುವ ಮೊದಲಿನ ಕ್ಷಣವನ್ನು ರೆಫರಿಯ ಕೈಗೆ ಕೊಟ್ಟರು. 2007ರಿಂದ ನಾಲ್ಕು ಮಾತಿನ ಕ್ರಮ ಬಂತು: ಬಗ್ಗಿ, ಮುಟ್ಟಿ, ತಡೆಯಿರಿ, ಸೇರಿ. ಎರಡೂ ಕಡೆಯವರು ತಮಗೆ ಬೇಕಾದಾಗ ಢೀ ಕೊಡುವ ಹಾಗಿಲ್ಲ, ರೆಫರಿ ಒಂದೊಂದೇ ಮಾತು ಹೇಳಿದಂತೆ ಮಾಡಬೇಕು. 2013ರಲ್ಲಿ ಇದನ್ನು ಇನ್ನೂ ಸರಳ ಮಾಡಿ ‘ಬಗ್ಗಿ, ಹಿಡಿಯಿರಿ, ಸೇರಿ’ ಎಂಬ ಮೂರು ಮಾತಿಗೆ ತಂದರು. ಮೊದಲು ಎದುರಾಳಿಯ ಅಂಗಿ ಹಿಡಿದುಕೊಂಡೇ ಸೇರಬೇಕಾದ್ದರಿಂದ ದೂರದಿಂದ ಗುದ್ದಲು ಜಾಗವೇ ಉಳಿಯಲಿಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ನೋಡಿದಾಗ, ಸೇರುವ ಕ್ಷಣದ ಹೊಡೆತ ಸುಮಾರು ನಾಲ್ಕರಲ್ಲಿ ಒಂದು ಪಾಲು ಇಳಿದಿತ್ತು.

ಇನ್ನೆರಡು ನಿಯಮಗಳೂ ಗಮನಿಸುವಂಥವು. ಸ್ಕ್ರಮ್ ಕುಸಿದರೆ ತಕ್ಷಣ ಸೀಟಿ, ಯಾರದು ತಪ್ಪು ಎಂಬ ವಿಚಾರ ಆಮೇಲೆ. ಮುಂದಿನ ಸಾಲಿನಲ್ಲಿ ನಿಲ್ಲಲು ತರಬೇತಿ ಪಡೆದವರು ತಂಡದಲ್ಲಿ ಇಲ್ಲದಿದ್ದರೆ ತಳ್ಳಾಟವೇ ಇಲ್ಲದ ಸ್ಕ್ರಮ್. ಸುಮ್ಮನೆ ಹೆಗಲು ಕೊಟ್ಟು ನಿಲ್ಲುವುದು, ಚೆಂಡು ಹಾಕಿದವರೇ ತೆಗೆದುಕೊಳ್ಳುವುದು. ಆಟ ಸಪ್ಪೆಯಾಯಿತು ಎಂದು ಗೊಣಗುವವರು ಅಲ್ಲೂ ಇದ್ದಾರೆ. ಆದರೆ ಸ್ಕ್ರಮ್ ಸಾಯಲಿಲ್ಲ.

ಪಾಠ ಒಂದೇ. ರಾಶಿಯೊಳಗೆ ಏನಾಯಿತು ಎಂದು ಯಾರಿಗೂ ಪೂರ್ತಿ ಕಾಣುವುದಿಲ್ಲ. ಆದ್ದರಿಂದ ಒಳ್ಳೆಯ ರೆಫರಿ ಮಾಡಬೇಕಾದ ಕೆಲಸದ ಮುಕ್ಕಾಲು ಪಾಲು ರಾಶಿ ಬೀಳುವುದಕ್ಕೆ ಮೊದಲೇ ಮುಗಿದಿರಬೇಕು.

ಹಾಂಗ್‌ಝೌನಲ್ಲಿ ನಿಂತ ಆಟ

ಈಗ ಕಬಡ್ಡಿಗೆ ಬರೋಣ. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದ 2014ರವರೆಗೆ ಪುರುಷರ ಕಬಡ್ಡಿಯಲ್ಲಿ ಏಳಕ್ಕೆ ಏಳೂ ಚಿನ್ನ ಭಾರತದ್ದೇ. 2018ರಲ್ಲಿ ಜಕಾರ್ತದ ಸೆಮಿಫೈನಲ್ಲಿನಲ್ಲಿ ಇರಾನ್ 27-18ರಿಂದ ಆ ಸರಪಳಿ ಮುರಿಯಿತು. 2023ರ ಅಕ್ಟೋಬರ್ 7ರಂದು ಚೀನಾದ ಹಾಂಗ್‌ಝೌನಲ್ಲಿ ಇದೇ ಎರಡು ತಂಡ ಫೈನಲ್ಲಿನಲ್ಲಿ ಎದುರಾದವು.

ಆಟ ಮುಗಿಯಲು ಒಂದು ನಿಮಿಷದ ಆಸುಪಾಸು ಉಳಿದಿತ್ತು. ಅಂಕ 28-28. ಭಾರತದ ನಾಯಕ ಪವನ್ ಸೆಹ್ರಾವತ್ ಮಾಡು ಇಲ್ಲವೇ ಮಡಿ ದಾಳಿಗೆ ಹೋದರು. ಬೆಂಗಳೂರು ಬುಲ್ಸ್ ತಂಡಕ್ಕೆ ಪ್ರೊ ಕಬಡ್ಡಿಯ ಆರನೇ ಆವೃತ್ತಿಯ ಕಪ್ ಗೆಲ್ಲಿಸಿದ ಇವರನ್ನು ಮುಂದೆ ತೆಲುಗು ಟೈಟನ್ಸ್ ತಂಡವೂ ಕರೆಸಿಕೊಂಡಿತು. ಹಾಗಾಗಿ ಗಡಿಯ ಎರಡೂ ಬದಿಯವರಿಗೆ ಇವರು ಗೊತ್ತಿರುವವರೇ. ದಾಳಿಯಲ್ಲಿ ಪವನ್ ಯಾರನ್ನೂ ಮುಟ್ಟದೆ ಪಕ್ಕದ ಲಾಬಿಗೆ ಕಾಲಿಟ್ಟರು. ಹಿಂದೆಯೇ ಇರಾನಿನ ಹಿಡಿತಗಾರರೂ ಲಾಬಿಗೆ ನುಗ್ಗಿದರು.

ಲಾಬಿ ಎಂದರೆ ಅಂಕಣದ ಎರಡೂ ಪಕ್ಕದಲ್ಲಿರುವ ಒಂದು ಮೀಟರ್ ಅಗಲದ ಪಟ್ಟಿ. ಹಿಡಿತದ ಹೋರಾಟ ಶುರುವಾದ ಮೇಲಷ್ಟೇ ಅದು ಅಂಕಣದ ಭಾಗ. ಅದಕ್ಕೆ ಮೊದಲು ಅಲ್ಲಿ ಕಾಲಿಟ್ಟವನು ಔಟ್. ಪವನ್ ಔಟ್ ಎಂಬುದರಲ್ಲಿ ತಕರಾರಿಲ್ಲ. ಹಿಂದೆ ಬಂದವರ ಗತಿ ಏನು? ಹಳೇ ಅಂತರರಾಷ್ಟ್ರೀಯ ನಿಯಮದಂತೆ ಅವರೂ ಔಟ್. ಪ್ರೊ ಕಬಡ್ಡಿಯ ಹೊಸ ನಿಯಮದಂತೆ ದಾಳಿಗಾರ ಲಾಬಿ ತುಳಿದ ಕ್ಷಣವೇ ಆಟ ನಿಂತಂತೆ, ಹಿಂದೆ ಬಂದವರಿಗೆ ಏನೂ ಇಲ್ಲ. ಹಾಗಾದರೆ ಆ ದಿನ ನಡೆಯಬೇಕಾದದ್ದು ಯಾವ ನಿಯಮ?

ತೀರ್ಪು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹೊರಳಿತು. ಆಟಗಾರರು ಅಂಕಣದಲ್ಲೇ ಕುಳಿತು ಪ್ರತಿಭಟಿಸಿದರು. ತರಬೇತುದಾರರು, ಅಧಿಕಾರಿಗಳು ಗುಂಪು ಕಟ್ಟಿ ವಾದಿಸಿದರು. ಕೊನೆಗೆ ಭಾರತಕ್ಕೆ ಅನುಕೂಲವಾಗಿ ತೀರ್ಪು ಬಂದು ಪಂದ್ಯ 33-29ಕ್ಕೆ ಮುಗಿಯಿತು. ಚಿನ್ನ ಬಂತು. ಆದರೆ ಆ ಚಿನ್ನದ ಜೊತೆಗೆ ಒಂದು ತಾಸಿನ ಗೊಂದಲವೂ ದಾಖಲೆಯಲ್ಲಿ ಉಳಿಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಹಾಂಗ್‌ಝೌನಲ್ಲಿ ಕ್ಯಾಮೆರಾ ಇತ್ತು, ಅಂಪೈರುಗಳಿದ್ದರು, ಪವನ್ ಕಾಲು ಎಲ್ಲಿತ್ತು ಎಂದು ಎಲ್ಲರಿಗೂ ಕಂಡಿತ್ತು. ಕಣ್ಣು ಸೋತು ಆದ ಜಗಳವಲ್ಲ ಅದು. ಯಾವ ನಿಯಮ ಎಂಬುದು ಎರಡೂ ತಂಡಕ್ಕೆ ಆಟಕ್ಕೆ ಮೊದಲೇ ಒಂದೇ ರೀತಿ ಮನದಟ್ಟಾಗಿರಲಿಲ್ಲ. ಕ್ಯಾಮೆರಾ ಇರುವಲ್ಲೇ ಹೀಗಾದರೆ, ಸುಣ್ಣದ ಗೆರೆ ಎಳೆದ ಹೊಲದಲ್ಲಿ ಹೇಗಿರಬೇಡ?

ಒಂದು ಸೀಟಿ, ನಾಲ್ಕು ಪ್ರಶ್ನೆ

ನಿಯಮದ ಪುಸ್ತಕದ ಪ್ರಕಾರ ಕಬಡ್ಡಿಗೆ ಆರು ಜನ ಅಧಿಕಾರಿಗಳು ಬೇಕು: ಒಬ್ಬ ರೆಫರಿ, ಇಬ್ಬರು ಅಂಪೈರು, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್. ಅಂಪೈರುಗಳ ತೀರ್ಪೇ ಸಾಮಾನ್ಯವಾಗಿ ಕೊನೆ. ಅವರಿಬ್ಬರಲ್ಲಿ ಒಮ್ಮತ ಇಲ್ಲದಾಗ ರೆಫರಿ ಹೇಳಿದ್ದೇ ಕೊನೆ. ಜಾತ್ರೆಯ ಪಂದ್ಯದಲ್ಲಿ ಈ ಆರೂ ಜನರ ಕೆಲಸ ಹೆಚ್ಚಾಗಿ ಒಬ್ಬ ಡ್ರಿಲ್ ಮೇಷ್ಟ್ರ ತಲೆಗೆ, ಇಲ್ಲವೇ ಹಳೇ ಆಟಗಾರನೊಬ್ಬನ ತಲೆಗೆ ಬೀಳುತ್ತದೆ.

ರಾಶಿ ಬಿದ್ದ ಹೊತ್ತಿಗೆ ಅವನು ಉತ್ತರಿಸಬೇಕಾದ ಪ್ರಶ್ನೆಗಳು ನಾಲ್ಕು. ಮೊದಲನೆಯದು ಕಿವಿಯದು: ದಾಳಿಗಾರನ ಉಸಿರು ಇದೆಯೇ, ಕಬಡ್ಡಿ ಎಂಬ ಮಾತು ಕೇಳಿಸುತ್ತಿದೆಯೇ? ಎರಡನೆಯದು ನಡುಗೆರೆಯದು: ಕೈಯೋ ಕಾಲೋ ಗೆರೆ ತಲುಪಿತೇ? ತಲುಪಿದ್ದರೆ ಅವನನ್ನು ಹಿಡಿದವರೆಲ್ಲ ಔಟ್, ತಲುಪದಿದ್ದರೆ ಅವನೊಬ್ಬನೇ ಔಟ್. ಒಂದು ಬೆರಳಿನ ಅಂತರಕ್ಕೆ ನಾಲ್ಕೈದು ಪಾಯಿಂಟಿನ ವ್ಯತ್ಯಾಸ. ಮೂರನೆಯದು ಪಕ್ಕದ ಗೆರೆ ಮತ್ತು ಲಾಬಿಯದು. ನಾಲ್ಕನೆಯದು ಹಿಡಿತದ್ದು: ಬಾಯಿ ಮುಚ್ಚಿದರೇ, ಕತ್ತು ಅದುಮಿದರೇ, ಎರಡು ಕಾಲಿನ ನಡುವೆ ಕತ್ತರಿ ಹಾಕಿ ಬೀಳಿಸಿದರೇ? ಇವು ಮೂರೂ ನಿಯಮದ ಪ್ರಕಾರ ತಪ್ಪು. ಕೈಕಾಲು ಮತ್ತು ಮುಂಡ ಬಿಟ್ಟು ಬೇರೆ ಕಡೆ ಬೇಕೆಂದೇ ಹಿಡಿದರೆ ಆ ಹಿಡಿತ ಲೆಕ್ಕಕ್ಕಿಲ್ಲ, ದಾಳಿಗಾರ ಔಟೂ ಅಲ್ಲ.

ನಾಲ್ಕು ಪ್ರಶ್ನೆಗೆ ಒಂದು ಜೊತೆ ಕಣ್ಣು. ಗೆರೆಯ ಮೇಲೆ ಕಣ್ಣಿಟ್ಟವನಿಗೆ ಕತ್ತು ಅದುಮಿದ್ದು ಕಾಣದು. ಬಾಯಿಯ ಹತ್ತಿರ ಕಿವಿ ಕೊಟ್ಟವನಿಗೆ ಬೆರಳು ಕಾಣದು. ರೆಫರಿ ಎಷ್ಟೇ ಪ್ರಾಮಾಣಿಕನಿರಲಿ, ಎರಡಕ್ಕೆ ಉತ್ತರ ಗೊತ್ತಿದ್ದರೆ ಇನ್ನೆರಡಕ್ಕೆ ಅಂದಾಜು. ಸೋತವರು ಆ ಅಂದಾಜನ್ನು ಪಕ್ಷಪಾತ ಅನ್ನುತ್ತಾರೆ.

ಇದಕ್ಕೆ ಖರ್ಚಿಲ್ಲದ ಪರಿಹಾರ ಇದೆ. ನಡುಗೆರೆಯ ಎರಡು ತುದಿಗೆ ಇಬ್ಬರನ್ನು ನಿಲ್ಲಿಸುವುದು. ಅವರಿಗೆ ಬೇರೆ ಕೆಲಸ ಬೇಡ. ಗೆರೆ ಮತ್ತು ತಮ್ಮ ಬದಿಯ ಲಾಬಿ, ಇಷ್ಟೇ. ಮುಟ್ಟಿದರೆ ಕೈ ಎತ್ತಬೇಕು, ಮುಟ್ಟದಿದ್ದರೆ ಸುಮ್ಮನಿರಬೇಕು. ಆಗ ಮುಖ್ಯ ರೆಫರಿ ರಾಶಿಯ ಹತ್ತಿರವೇ ಇದ್ದು ಉಸಿರು ಮತ್ತು ಹಿಡಿತ ಎರಡನ್ನೇ ನೋಡಬಹುದು. ಆ ಇಬ್ಬರು ಆಡುವ ಎರಡೂ ಊರಿನವರಲ್ಲದೆ ಮೂರನೇ ಊರಿನವರಾದರೆ ಇನ್ನೂ ಒಳ್ಳೆಯದು. ಎಂಟು ಹತ್ತು ತಂಡ ಸೇರುವ ಪಂದ್ಯಾವಳಿಯಲ್ಲಿ ಸರದಿ ಕಾಯುತ್ತಾ ಕುಳಿತ ತಂಡದ ಹಿರಿಯರಿಗೇನು ಕೊರತೆಯೇ?

ಸೀಟಿ ಯಾವಾಗ?

ಎಲ್ಲಕ್ಕಿಂತ ಕಠಿಣ ಪ್ರಶ್ನೆ ಇದು. ಹಿಡಿತ ಬಿದ್ದ ಮೇಲೆ ಎಷ್ಟು ಹೊತ್ತು ಬಿಡಬೇಕು? ದಾಳಿಗೆ ಒಟ್ಟು 30 ಸೆಕೆಂಡ್ ಎಂಬ ಲೆಕ್ಕವಿದೆ. ಆದರೆ ದಾಳಿಗಾರ ಇನ್ನು ಅಲುಗಲಾರ ಎಂದು ತೀರ್ಮಾನಿಸಿ ಸೀಟಿ ಊದುವ ಕ್ಷಣ ಅಧಿಕಾರಿಯ ವಿವೇಚನೆಗೆ ಸೇರಿದ್ದು. ಬೇಗ ಊದಿದರೆ ದಾಳಿಗಾರನಿಗೆ ಅನ್ಯಾಯ, ತಡ ಮಾಡಿದರೆ ರಾಶಿಯ ಮೇಲೆ ರಾಶಿ.

ಜನ ಕಬಡ್ಡಿ ನೋಡಲು ಬರುವುದೇ ಮೂರು ಜನರನ್ನು ಸೊಂಟಕ್ಕೆ ಕಟ್ಟಿಕೊಂಡು ಗೆರೆಯವರೆಗೆ ಎಳೆದು ತರುವ ಗಂಡಾಳನ್ನು ನೋಡಲು ಎಂಬ ವಾದವಿದೆ. ಅದರಲ್ಲಿ ಸತ್ಯವೂ ಇದೆ. ಅವಸರದ ಸೀಟಿ ಆ ಸೊಬಗನ್ನು ಕೊಲ್ಲುತ್ತದೆ, ಹಿಡಿಯುವವರಿಗೆ ಪುಕ್ಕಟೆ ಪಾಯಿಂಟ್ ಕೊಡುತ್ತದೆ. ಹಾಗೆಂದು ಸೀಟಿ ಬಾಯಲ್ಲಿಟ್ಟುಕೊಂಡು ಕಾಯುತ್ತಾ ಹೋದರೆ, ನಾಲ್ಕನೆಯವನು ಐದನೆಯವನು ಓಡಿ ಬಂದು ಮೇಲೆ ಹಾರುತ್ತಾನೆ. ಅವನು ಹಾರುವ ಹೊತ್ತಿಗೆ ಪಾಯಿಂಟು ತೀರ್ಮಾನವಾಗಿರುತ್ತದೆ. ಉಳಿದಿರುವುದು ಪೆಟ್ಟು ಮಾತ್ರ.

ಇವೆರಡರ ನಡುವೆ ಹಿಡಿಯಬಹುದಾದ ಗೆರೆ ಎಂದರೆ ಚಲನೆ. ದಾಳಿಗಾರ ಅಂಗುಲ ಅಂಗುಲವಾದರೂ ಗೆರೆಯ ಕಡೆ ಸರಿಯುತ್ತಿದ್ದರೆ ಆಟ ನಡೆಯಲಿ. ಸರಿಯುವುದು ನಿಂತು, ಬೆನ್ನೋ ಎದೆಯೋ ನೆಲಕ್ಕೆ ಅಂಟಿದರೆ ಆ ಕ್ಷಣವೇ ಸೀಟಿ. ನಿಂತ ಮೇಲೆ ಹಾರಿ ಬಿದ್ದವನಿಗೆ ಮೊದಲ ಸಲ ಹಸಿರು ಕಾರ್ಡು, ಎರಡನೇ ಸಲ ಹಳದಿ ಕಾರ್ಡು, ಎಂದರೆ ಎರಡು ನಿಮಿಷ ಹೊರಗೆ. ರಗ್ಬಿಯಲ್ಲಿ ಕುಸಿದ ಸ್ಕ್ರಮ್ಮನ್ನು ಮತ್ತೆ ಮತ್ತೆ ಕಟ್ಟುತ್ತಾ ನಿಮಿಷಗಳು ಕಳೆದುಹೋಗುತ್ತವೆ ಎಂಬ ದೂರಿದೆ. ಕಬಡ್ಡಿಗೆ ಆ ತೊಂದರೆ ಇಲ್ಲ. ಸೀಟಿ ಊದಿದರೆ ಇನ್ನೊಂದು ಕಡೆಯ ದಾಳಿ ಆಗಲೇ ಶುರು.

ನೆಲ ಗಟ್ಟಿ, ಕುತ್ತಿಗೆ ಮೆತ್ತಗೆ

ಪ್ರೊ ಕಬಡ್ಡಿ ನೋಡಿ ಬೆಳೆದ ಹುಡುಗರು ಅಲ್ಲಿಯ ಹಿಡಿತಗಳನ್ನೇ ಇಲ್ಲಿ ಪ್ರಯೋಗ ಮಾಡುತ್ತಾರೆ. ಅಲ್ಲಿ ಮ್ಯಾಟ್ ಇದೆ, ಪಕ್ಕದಲ್ಲೇ ವೈದ್ಯರಿದ್ದಾರೆ. ಇಲ್ಲಿ ಬೇಸಿಗೆಯ ಕೆಂಪು ನೆಲ, ಕೆಳಗೆ ಕಲ್ಲು. ಹಿರಿಯರ ರಾಷ್ಟ್ರೀಯ ಪಂದ್ಯಗಳಲ್ಲಿ ಪುರುಷರಿಗೆ 85 ಕೆ.ಜಿ. ತೂಕದ ಮಿತಿ ಇದೆ. ಜಾತ್ರೆಯಲ್ಲಿ ತಕ್ಕಡಿ ಇಟ್ಟು ಆಡಿಸುವವರು ಯಾರು? ತಲಾ 75 ಕೆ.ಜಿ.ಯ ಮೂವರು ಮೇಲೆ ಬಿದ್ದರೂ ಕೆಳಗಿದ್ದವನ ಮೇಲೆ ಎರಡೂಕಾಲು ಕ್ವಿಂಟಲ್ ಭಾರ. ಅಷ್ಟು ಶೇಂಗಾ ಚೀಲ ಯಾರ ಕುತ್ತಿಗೆಯ ಮೇಲೂ ಹೇರುವುದಿಲ್ಲ.

2022ರ ಜುಲೈನಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಪಣ್ರುಟ್ಟಿ ಬಳಿಯ ಹಳ್ಳಿಯೊಂದರ ಪಂದ್ಯದಲ್ಲಿ ದಾಳಿಗೆ ಹೋದ ಕಾಲೇಜು ಯುವಕನೊಬ್ಬ ಅಂಕಣದಲ್ಲೇ ಪ್ರಾಣ ಬಿಟ್ಟ. ಹಿಡಿತ ತಪ್ಪಿಸಲು ಹಾರಿ ಬಿದ್ದವನ ಎದೆಗೆ ಎದುರಾಳಿಯ ಮಂಡಿ ತಗುಲಿತ್ತು. ಅದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಆಟದ ಒಂದು ಕ್ಷಣ, ಅಷ್ಟೇ.

ರಗ್ಬಿಯ ಆ ನಿಯಮ ಇಲ್ಲಿ ನೆನಪಾಗಬೇಕು: ತರಬೇತಿ ಇಲ್ಲದವರಿದ್ದರೆ ತಳ್ಳಾಟವಿಲ್ಲ. ಅದನ್ನೇ ನಮ್ಮ ಮಾತಿಗೆ ತಂದರೆ, ನೆಲ ಅಗೆದು ಮರಳು ಹಾಕಿ ಮೆತ್ತಗೆ ಮಾಡದಿದ್ದರೆ ಹಾರಿ ಬೀಳುವ ಹಿಡಿತವೂ ಇಲ್ಲ. ಶಾಲೆ ಮಕ್ಕಳ ಪಂದ್ಯದಲ್ಲಂತೂ ಇಬ್ಬರು ಹಿಡಿದು ನಿಲ್ಲಿಸಿದರೆ ಸಾಕು, ಸೀಟಿ. ಆಂಧ್ರದಲ್ಲಿ ಮಂಡಲ ಮಟ್ಟ, ಕರ್ನಾಟಕದಲ್ಲಿ ಹೋಬಳಿ ಮಟ್ಟ ಎಂದು ಹೆಸರು ಬೇರೆಯಾದರೂ ಆಡುವ ಮಕ್ಕಳ ಕುತ್ತಿಗೆ ಒಂದೇ ತರಹದ್ದು. ಕತ್ತಿಗೆ ಪೆಟ್ಟಾಗಿ ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ಬದಿಗೆ ಹಾಕುವುದು ನಮ್ಮಲ್ಲಿ ರೂಢಿ. ಅದು ಪೆಟ್ಟಿಗಿಂತ ಹೆಚ್ಚು ಅಪಾಯ. ತಲೆ ಅಲುಗದಂತೆ ಹಿಡಿದು, ಹಾಗೇ ಮಲಗಿಸಿ, 108ಕ್ಕೆ ಕರೆ ಮಾಡಬೇಕು. ಆ ಅಂಕಿ ಎರಡೂ ರಾಜ್ಯದಲ್ಲಿ ಒಂದೇ.

ಎರಡು ಭಾಷೆ, ಒಂದೇ ನಿಯಮ

ಹಾಂಗ್‌ಝೌನ ಪಾಠ ಗಡಿ ಹಳ್ಳಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಇಲ್ಲಿ ನಿಯಮದ ಜೊತೆ ಮಾತೂ ಎರಡು. ತೆಲುಗಿನವರಿಗೆ ದಾಳಿಗೆ ಹೋಗುವುದೆಂದರೆ ‘ಕೂತ’ಕ್ಕೆ ಹೋಗುವುದು. ಕನ್ನಡದ ಕಿವಿಗೆ ‘ಕೂತ’ ಎಂದರೆ ಕುಳಿತವನು! ಎರಡೂ ಭಾಷೆ ಬಲ್ಲ ನಮ್ಮವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಜಗಳದ ಹೊತ್ತಿನಲ್ಲಿ ‘ಕೂತ ನಿಂತಿತು’, ‘ಉಸಿರು ಇತ್ತು’ ಎಂದು ಇಬ್ಬರು ಕೂಗುತ್ತಿದ್ದರೆ ನಗು ಬರುವುದಿಲ್ಲ.

ಊರಿಂದ ಊರಿಗೆ ಪದ್ಧತಿಯೂ ಬೇರೆ. ಒಂದು ಕಡೆ ಬೋನಸ್ ಗೆರೆ ಇದೆ, ಇನ್ನೊಂದು ಕಡೆ ಇಲ್ಲ. ಒಂದು ಕಡೆ ಲಾಬಿ ಎಳೆಯುತ್ತಾರೆ, ಇನ್ನೊಂದು ಕಡೆ ಎಳೆಯುವುದಿಲ್ಲ. ಒಬ್ಬರು ಟಿವಿಯಲ್ಲಿ ಕಂಡದ್ದೇ ನಿಯಮ ಅನ್ನುತ್ತಾರೆ, ಇನ್ನೊಬ್ಬರು ಮೇಷ್ಟ್ರು ಕಲಿಸಿದ್ದೇ ನಿಯಮ ಅನ್ನುತ್ತಾರೆ. 2023ರ ಡಿಸೆಂಬರ್ 26ರಿಂದ ಆಂಧ್ರ ಸರ್ಕಾರ ನಡೆಸಿದ ‘ಆಡುದಾಂ ಆಂಧ್ರ’ ಪಂದ್ಯಾವಳಿಯ ಐದು ಆಟಗಳಲ್ಲಿ ಕಬಡ್ಡಿಯೂ ಒಂದು. ಗ್ರಾಮ ಸಚಿವಾಲಯದ ಮಟ್ಟದಿಂದಲೇ ಅದು ಶುರುವಾಗಿತ್ತು. ಕರ್ನಾಟಕದಲ್ಲಿ ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಮೇಲೇರುತ್ತದೆ. ಸರ್ಕಾರಿ ಕೂಟದಲ್ಲಿ ಪುಸ್ತಕದ ನಿಯಮ, ಜಾತ್ರೆಯಲ್ಲಿ ಊರ ನಿಯಮ. ಆಡುವ ಹುಡುಗ ಮಾತ್ರ ಎರಡೂ ಕಡೆ ಅವನೇ.

ಆದ್ದರಿಂದ ಟಾಸಿಗೆ ಮೊದಲು ಐದು ನಿಮಿಷ ತೆಗೆದಿಡುವುದು ದೊಡ್ಡ ಮಾತಲ್ಲ. ಎರಡೂ ನಾಯಕರನ್ನು ನಡುಗೆರೆಗೆ ಕರೆದು ರೆಫರಿ ನಾಲ್ಕು ಸಂಗತಿ ಹೇಳಬೇಕು. ಲಾಬಿ ಇದೆಯೋ ಇಲ್ಲವೋ, ಹಿಂದೆ ನುಗ್ಗಿದವರ ಗತಿ ಏನು. ಹಿಡಿತದಲ್ಲಿ ಸೀಟಿ ಯಾವಾಗ. ಯಾವ ಹಿಡಿತ ನಿಷಿದ್ಧ. ಗೆರೆಗೆ ನಿಂತವರು ಯಾರು, ಅವರ ಮಾತು ಕೊನೆ. ಇದನ್ನು ಮೈಕಿನಲ್ಲಿ ಒಮ್ಮೆ ಕನ್ನಡದಲ್ಲಿ, ಒಮ್ಮೆ ತೆಲುಗಿನಲ್ಲಿ ಹೇಳಿದರೆ ನೋಡುವವರಿಗೂ ತಿಳಿಯುತ್ತದೆ. ಅಂಕಣಕ್ಕೆ ಮೊದಲು ನುಗ್ಗುವವರು ಆಟಗಾರರಿಗಿಂತ ನೋಡುವವರೇ ಅಲ್ಲವೇ?

ಇಷ್ಟು ಮಾಡಿದರೆ ತಪ್ಪು ತೀರ್ಪೇ ಬರುವುದಿಲ್ಲವೇ? ಬರುತ್ತದೆ. ರಗ್ಬಿಯಲ್ಲಿ ಇಂದಿಗೂ ಬರುತ್ತಿದೆ. ಕಣ್ಣಿನ ಮಿತಿ ಕಣ್ಣಿಗಿದೆ. ಆದರೆ ತಿಳಿಸಿ ಕೊಟ್ಟ ತಪ್ಪು ತೀರ್ಪನ್ನು ಸೋತವನು ಬೈದುಕೊಂಡಾದರೂ ಒಪ್ಪುತ್ತಾನೆ. ರಾಶಿ ಬಿದ್ದ ಮೇಲೆ ಹುಡುಕಿ ತಂದ ನಿಯಮವನ್ನು, ಅದು ಸರಿಯಾಗಿದ್ದರೂ, ಯಾರೂ ಒಪ್ಪುವುದಿಲ್ಲ. ಗೆರೆ ಎಳೆಯುವ ಸುಣ್ಣದ ಜೊತೆಗೆ ನಿಯಮವನ್ನೂ ಅಂಕಣಕ್ಕೆ ಮೊದಲೇ ತಂದಿಟ್ಟ ಊರಿಗೆ, ಮುಂದಿನ ವರ್ಷವೂ ಪಕ್ಕದ ರಾಜ್ಯದ ತಂಡ ಆಡಲು ಬರುತ್ತದೆ.